ಕ್ಯಾಮೆರಾ ಬದಲಿಸುವ ಮುನ್ನ ಕೇಬಲ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಎರಕದ ಬಿಡಿಭಾಗದ ರಂಧ್ರ ಸರಿಯಿದೆಯೇ, ಬಾಟಲಿಯ ಮುಚ್ಚಳ ಓರೆಯಾಗಿದೆಯೇ, ಬೀಜದ ಪೊಟ್ಟಣದ ಮೇಲೆ ಲಾಟ್ ನಂಬರ್ ಬಿದ್ದಿದೆಯೇ ಎಂದು ನೋಡಲು ಕ್ಯಾಮೆರಾ ಕೂಡಿಸುವುದು ಈಗ ದೊಡ್ಡ ಕಾರ್ಖಾನೆಗಳಿಗಷ್ಟೇ ಸೇರಿದ ಮಾತಲ್ಲ. ಅಂಗೈಯಗಲದ ಕ್ಯಾಮೆರಾ, ಒಂದು ಲೆನ್ಸ್, ಎಲ್‌ಇಡಿ ದೀಪ, ಯುಎಸ್‌ಬಿ ಕೇಬಲ್ ಮತ್ತು ಸಾಧಾರಣ ಕಂಪ್ಯೂಟರ್ ಇದ್ದರೆ ಹುಬ್ಬಳ್ಳಿಯ ತಾರಿಹಾಳದ ಸಣ್ಣ ಶೆಡ್ಡಿನಲ್ಲೂ ಈ ಕೆಲಸ ಆಗುತ್ತದೆ. ಹತ್ತು–ಹನ್ನೆರಡು ವರ್ಷದ ಹಿಂದೆ ಕೂಡಿಸಿದ ಇಂಥ ಕ್ಯಾಮೆರಾಗಳಲ್ಲಿ ಹಲವು ಯುಎಸ್‌ಬಿ 2.0 ಸಂಪರ್ಕದವು. ಅದರ ಮುಂದಿನ ತಲೆಮಾರು 3.0. ಈಗ ಮಾರುವವರು ಬಂದು, ‘ಹಳೇದು ತೆಗೀರಿ, 3.0 ಹಾಕ್ರಿ, ಹತ್ತು ಪಟ್ಟು ವೇಗ’ ಎನ್ನುತ್ತಾರೆ. ಹಾಕಿಸಿಕೊಂಡ ಕೆಲವರು, ‘ಹೊಸದು ನಡುನಡುವೆ ಕಟ್ಟಾಗ್ತದ, ಹಳೇದೇ ಛಲೋ ಇತ್ತು’ ಎಂದು ಗೊಣಗುತ್ತಾರೆ. ಎರಡು ಮಾತಿನಲ್ಲೂ ಅರ್ಧ ಸತ್ಯವಿದೆ. ಗೋಕುಲ ರಸ್ತೆಯಿಂದ ಧಾರವಾಡದ ಬೇಲೂರಿನವರೆಗೆ, ಗದಗ–ಹಾವೇರಿ ಕಡೆಯ ಘಟಕಗಳಲ್ಲೂ, ಹೊಸ ಕ್ಯಾಮೆರಾದ ವಿಚಾರದಲ್ಲಿರುವವರಿಗೆ ನೆರವಾಗಲೆಂದು ಈ ಪತ್ರ.

ಮೊದಲು ಲೆಕ್ಕ. ಯುಎಸ್‌ಬಿ 2.0 ಬಂದದ್ದು 2000ದಲ್ಲಿ, ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟಿನಂತೆ ಕಾಗದದ ಮೇಲೆ ಇದು 60 ಮೆಗಾಬೈಟ್. ಚಿತ್ರ ಸಾಗಿಸುವಾಗ ನಿಜವಾಗಿ ಸಿಗುವುದು 35ರಿಂದ 40. 2008ರಲ್ಲಿ ಬಂದ 3.0 ಸೆಕೆಂಡಿಗೆ 5 ಗಿಗಾಬಿಟ್. ಪ್ರತಿ 8 ಬಿಟ್ ಮಾಹಿತಿಯನ್ನು 10 ಬಿಟ್ ಆಗಿಸಿ ಕಳಿಸುವುದರಿಂದ ಐದರಲ್ಲೊಂದು ಭಾಗ ಅಲ್ಲೇ ಹೋಗುತ್ತದೆ, ಉಳಿದ 500 ಮೆಗಾಬೈಟಿನಲ್ಲಿ ಕೈಗೆ ಹತ್ತುವುದು 350ರಿಂದ 400. ಹತ್ತು ಪಟ್ಟು ಎನ್ನುವುದು ಸುಳ್ಳೇನಲ್ಲ. ನಿಮ್ಮ ಕೆಲಸಕ್ಕೆ ಆ ಹತ್ತು ಪಟ್ಟು ಬೇಕೇ ಎಂಬುದು ಬೇರೆ ಪ್ರಶ್ನೆ.

1280 × 1024 ಪಿಕ್ಸೆಲ್ಲಿನ ಕಪ್ಪು–ಬಿಳುಪು ಚಿತ್ರ ಪಿಕ್ಸೆಲ್ಲಿಗೆ ಒಂದು ಬೈಟಿನಂತೆ 1.31 ಮೆಗಾಬೈಟ್ ಆಗುತ್ತದೆ. ಹಳೆಯ ಸಂಪರ್ಕದಲ್ಲಿ ಇದು ಸೆಕೆಂಡಿಗೆ ಮೂವತ್ತರ ಆಸುಪಾಸು ಬರುತ್ತದೆ. ನಿಮ್ಮ ಬೆಲ್ಟಿನ ಮೇಲೆ ನಿಮಿಷಕ್ಕೆ 60 ಮಾಲು ಹೋಗುತ್ತಿದ್ದು, ಒಂದೊಂದಕ್ಕೆ ಒಂದು ಫೋಟೊ ಸಾಕಾದರೆ, 2.0ರ ತಾಕತ್ತಿನಲ್ಲಿ ಬಳಕೆಯಾಗುತ್ತಿರುವುದು ಸುಮಾರು ಮೂವತ್ತನೇ ಒಂದು ಭಾಗವಷ್ಟೇ. ಅಲ್ಲಿ 3.0 ಹಾಕಿದರೆ ತಪಾಸಣೆ ಒಂದು ಕೂದಲಷ್ಟೂ ಸುಧಾರಿಸದು.

ಬೇರೆ ಕಡೆ ಅದೇ ಲೆಕ್ಕ ತಿರುಗಿ ಬೀಳುತ್ತದೆ. 2448 × 2048ರ ಐದು ಮೆಗಾಪಿಕ್ಸೆಲ್ ಚಿತ್ರ ಒಂದಕ್ಕೆ 5 ಮೆಗಾಬೈಟ್. 2.0ದಲ್ಲಿ ಅದು ಕಂಪ್ಯೂಟರಿಗೆ ಬಂದು ಸೇರಲು 125 ಮಿಲಿಸೆಕೆಂಡ್ ಬೇಕು, 3.0ದಲ್ಲಿ 13–14 ಸಾಕು. ಬೆಲ್ಟು ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದೆ, ಕೆಟ್ಟ ಮಾಲನ್ನು ಊದಿ ತಳ್ಳುವ ಏರ್ ನಳಿಗೆ ಕ್ಯಾಮೆರಾದಿಂದ 100 ಮಿ.ಮೀ. ಮುಂದಿದೆ ಎನ್ನಿ. ನಿಮ್ಮ ಕೈಯಲ್ಲಿರುವ ಒಟ್ಟು ಸಮಯ 200 ಮಿಲಿಸೆಕೆಂಡ್. ಹಳೆಯ ಸಂಪರ್ಕದಲ್ಲಿ ಚಿತ್ರ ಬರುವಷ್ಟರಲ್ಲೇ 125 ಮುಗಿಯಿತು. ಉಳಿದ 75ರಲ್ಲಿ ಸಾಫ್ಟ್‌ವೇರ್ ಚಿತ್ರ ನೋಡಬೇಕು, ಯಂತ್ರ ನಡೆಸುವ ನಿಯಂತ್ರಕವಾದ ಪಿಎಲ್‌ಸಿಗೆ ಹೇಳಬೇಕು, ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವ್ ತೆರೆಯಬೇಕು. ಕೆಟ್ಟದ್ದು ಮುಂದೆ ಹೋಗಿ ಅದರ ಹಿಂದಿನ ಒಳ್ಳೆಯದು ಡಬ್ಬಿಗೆ ಬೀಳುವುದು ಇಂಥಲ್ಲೇ. ಇಲ್ಲಿ 3.0ಕ್ಕೆ ಕೊಟ್ಟ ದುಡ್ಡು ಸಾರ್ಥಕ. ಆದರೆ ಕೊಳ್ಳುವ ಮೊದಲು ಇನ್ನೊಂದು ನೋಡಿ. ಬೆಲ್ಟಿನ ಮೇಲೆ ಮಾಲು ಕಾಣುವುದು ಚಿತ್ರದ ನಡುವಿನ 600 ಸಾಲಿನಲ್ಲಷ್ಟೇ ಆಗಿದ್ದರೆ, ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಅಷ್ಟೇ ಭಾಗ ಕಳಿಸುವಂತೆ ಮಾಡಬಹುದು. ಆಗ ಚಿತ್ರ ಒಂದೂವರೆ ಮೆಗಾಬೈಟಿಗೆ ಇಳಿದು, ಹಳೆಯ ಕ್ಯಾಮೆರಾದಲ್ಲೇ 40 ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಒಂದು ಪೈಸೆ ಖರ್ಚಿಲ್ಲ.

ಬಣ್ಣದ ಕ್ಯಾಮೆರಾ ಬಳಸುವವರು ಗಮನಿಸಬೇಕಾದ್ದು: ಕ್ಯಾಮೆರಾವೇ ಬಣ್ಣ ಕೂಡಿಸಿ ಆರ್‌ಜಿಬಿಯಾಗಿ (ಕೆಂಪು, ಹಸಿರು, ನೀಲಿ) ಕಳಿಸಿದರೆ ಪಿಕ್ಸೆಲ್ಲಿಗೆ ಮೂರು ಬೈಟ್. ಬೇಯರ್ 8 ಎಂಬ ಕಚ್ಚಾ ರೂಪದಲ್ಲಿ ತರಿಸಿ ಕಂಪ್ಯೂಟರಿನಲ್ಲಿ ಬಣ್ಣ ಕೂಡಿಸಿಕೊಂಡರೆ ಒಂದೇ ಬೈಟ್. ‘2.0 ನಿಧಾನ’ ಎಂಬ ಎಷ್ಟೋ ದೂರುಗಳು ಈ ಒಂದು ಆಯ್ಕೆ ಬದಲಿಸಿದರೆ ಮುಗಿಯುತ್ತವೆ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ದುಡ್ಡು ತಿನ್ನುತ್ತದೆ. ಓಡುವ ಮಾಲಿನ ಚಿತ್ರ ಮಸುಕಾಗಿ ಬರುತ್ತದೆಂದು 3.0 ಕ್ಯಾಮೆರಾ ತರಿಸುವುದು. ಮಸುಕಿಗೂ ಯುಎಸ್‌ಬಿಗೂ ಸಂಬಂಧವಿಲ್ಲ. ಅರ್ಧ ಮೀಟರ್ ವೇಗದ ಬೆಲ್ಟಿನಲ್ಲಿ ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, 2 ಮಿಲಿಸೆಕೆಂಡ್ ಇಟ್ಟರೆ ಆ ಹೊತ್ತಿನಲ್ಲಿ ಮಾಲು 1 ಮಿ.ಮೀ. ಸರಿದಿರುತ್ತದೆ, ಯಾವ ಕೇಬಲ್ ಹಾಕಿದರೂ ಅಷ್ಟು ಮಸುಕು ಇದ್ದೇ ಇರುತ್ತದೆ. ಎಕ್ಸ್‌ಪೋಶರನ್ನು 100 ಮೈಕ್ರೊಸೆಕೆಂಡಿಗೆ ಇಳಿಸಿದರೆ ಸರಿಯುವುದು 0.05 ಮಿ.ಮೀ. ಮಾತ್ರ, ಅದಕ್ಕೆ ಇಪ್ಪತ್ತು ಪಟ್ಟು ಬೆಳಕು ಬೇಕು. ಅಂದರೆ ಕೊಳ್ಳಬೇಕಾದ್ದು ದೀಪ. ಚಿತ್ರ ಮಸುಕಾಗದೆ ಓರೆಯಾಗಿ ವಾಲಿದಂತೆ ಬರುತ್ತಿದ್ದರೆ ಅದು ಚಿತ್ರವನ್ನು ಸಾಲುಸಾಲಾಗಿ ಹಿಡಿಯುವ ರೋಲಿಂಗ್ ಶಟರಿನ ಗುಣ. ಪೂರ್ತಿ ಚಿತ್ರ ಒಮ್ಮೆಲೇ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾ ತರಿಸಬೇಕು, ಅದು 2.0ದಲ್ಲೂ ಸಿಗುತ್ತದೆ, 3.0ದಲ್ಲೂ ಸಿಗುತ್ತದೆ, ಎರಡರಲ್ಲೂ ರೋಲಿಂಗ್ ಶಟರಿನವೂ ಇವೆ.

ಇನ್ನು ಕೇಬಲ್. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು.

2.0 ಕೇಬಲ್ಲಿನಲ್ಲಿ ನಾಲ್ಕು ತಂತಿ: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅದೇ ಜೋಡಿಯ ಮೇಲೆ ಹೋಗುವುದು, ಬರುವುದು ಸರದಿಯಂತೆ ನಡೆಯಬೇಕು, ಮತ್ತು ಕಂಪ್ಯೂಟರ್ ಕೇಳಿದಾಗಷ್ಟೇ ಕ್ಯಾಮೆರಾ ಕೊಡಬೇಕು. 3.0ದಲ್ಲಿ ಆ ನಾಲ್ಕೂ ಹಾಗೇ ಉಳಿದು, ಕಳಿಸಲು ಒಂದು ಜೋಡಿ, ಪಡೆಯಲು ಒಂದು ಜೋಡಿ, ಜೊತೆಗೊಂದು ಗ್ರೌಂಡ್, ಒಟ್ಟು ಒಂಬತ್ತು ಪಿನ್. ಕಂಪ್ಯೂಟರಿಗೆ ಸಿಕ್ಕಿಸುವ ಚಪ್ಪಟೆ ಎ ಪ್ಲಗ್ಗಿನ ಬಾಯೊಳಗೆ ಬೆಳಕು ಬಿಟ್ಟು ನೋಡಿದರೆ ಮುಂದೆ ನಾಲ್ಕು ಉದ್ದ ಪಟ್ಟಿ, ಅವುಗಳ ಹಿಂದೆ ಒಳಗಡೆ ಐದು ಚಿಕ್ಕವು ಕಾಣುತ್ತವೆ. ಆ ಐದು ಹಿಂದೆ ಇರುವುದರಿಂದಲೇ ಒಂದು ವಿಚಿತ್ರ ತೊಂದರೆ. ಪ್ಲಗ್ಗನ್ನು ನಿಧಾನವಾಗಿ, ತಡೆತಡೆದು ಒತ್ತಿದರೆ ಮುಂದಿನ ನಾಲ್ಕು ಮೊದಲು ತಾಗಿ, ಕಂಪ್ಯೂಟರ್ ‘ಇದು 2.0 ಸಾಧನ’ ಎಂದು ಒಪ್ಪಿಕೊಂಡುಬಿಡಬಹುದು. ಚಿತ್ರ ಬರುತ್ತದೆ, ಎಲ್ಲ ಸರಿಯಿದ್ದಂತೆ ತೋರುತ್ತದೆ, ವೇಗ ಮಾತ್ರ ಹತ್ತರಲ್ಲೊಂದು. ಪ್ಲಗ್ ಕಿತ್ತು ಒಮ್ಮೆಲೇ ಪೂರ್ತಿ ಒತ್ತಿದರೆ ಸರಿಹೋಗುತ್ತದೆ. ಒಳಗಿನ ಪಟ್ಟಿಗೆ ಧೂಳು ಕೂತಾಗಲೂ ಇದೇ ಆಟ.

ಕ್ಯಾಮೆರಾ ಕಡೆಯ ತುದಿಯಲ್ಲಿ ಇನ್ನೊಂದು ಬಲೆ. ಬಹಳಷ್ಟು 3.0 ಕ್ಯಾಮೆರಾಗಳಿಗೆ ಅಗಲವಾದ ಮೈಕ್ರೊ ಬಿ ಸಾಕೆಟ್ ಇರುತ್ತದೆ, ನಡುವೆ ಒಂದು ಕಚ್ಚು ಬಿದ್ದು ಎರಡು ಭಾಗವಾದಂತೆ. ಅದರ ದೊಡ್ಡ ಭಾಗಕ್ಕೆ ಹಳೆಯ ಮೊಬೈಲ್ ಚಾರ್ಜರಿನ ಕೇಬಲ್ ಸರಿಯಾಗಿ ಕೂರುತ್ತದೆ. ರಾತ್ರಿ ಪಾಳಿಯಲ್ಲಿ ಮೂಲ ಕೇಬಲ್ ಕೈಕೊಟ್ಟಾಗ ಯಾರೋ ಚಾರ್ಜರಿನದ್ದು ಸಿಕ್ಕಿಸಿ ಲೈನು ಚಾಲೂ ಮಾಡಿದರೆ, ಅದು ಹಾಗೇ ತಿಂಗಳುಗಟ್ಟಲೆ ಉಳಿಯುತ್ತದೆ. ಆಮೇಲೆ ಬೈಗುಳ ಕ್ಯಾಮೆರಾಕ್ಕೆ.

ಕ್ಯಾಮೆರಾ ಯಾವ ವೇಗದಲ್ಲಿ ಹತ್ತಿದೆ ಎಂದು ತಿಳಿಯುವುದು ಸುಲಭ. ಕ್ಯಾಮೆರಾ ಜೊತೆ ಬಂದ ವ್ಯೂವರ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಹೇಳುತ್ತದೆ. ಲಿನಕ್ಸ್‌ನಲ್ಲಿ ಯುಎಸ್‌ಬಿ ಸಾಧನಗಳನ್ನು ಮರದ ರೂಪದಲ್ಲಿ ತೋರಿಸುವ ಆದೇಶ ಕೊಟ್ಟರೆ ಕ್ಯಾಮೆರಾದ ಸಾಲಿನ ಕೊನೆಗೆ 480ಎಂ ಅಥವಾ 5000ಎಂ ಎಂದು ಬರುತ್ತದೆ. ಯಂತ್ರ ಚಾಲೂ ಮಾಡುವಾಗ ಸಾಫ್ಟ್‌ವೇರೇ ಇದನ್ನು ಪರೀಕ್ಷಿಸಿ, 480 ಇದ್ದರೆ ಕೆಂಪು ದೀಪ ಹತ್ತಿಸುವಂತೆ ಬರೆಸಿಕೊಳ್ಳುವುದು ಉತ್ತಮ.

ಉದ್ದದ ಮಾತು. 2.0ಕ್ಕೆ ನಿಯಮದ ಪ್ರಕಾರ 5 ಮೀಟರ್. 3.0ದ ನಿಯಮದಲ್ಲಿ ಉದ್ದವೆಂದು ಬರೆದಿಲ್ಲ, ಸಿಗ್ನಲ್ ಎಷ್ಟು ಕುಗ್ಗಬಹುದೆಂದು ಬರೆದಿದೆ. ಸಾದಾ ತಾಮ್ರದ ಕೇಬಲ್ಲಿನಲ್ಲಿ ಅದು ಹೆಚ್ಚುಕಡಿಮೆ 3 ಮೀಟರಿಗೆ ಬಂದು ನಿಲ್ಲುತ್ತದೆ. ಹಳೆಯ ಕ್ಯಾಮೆರಾಕ್ಕೆ 5 ಮೀಟರ್ ಕೇಬಲ್ ಎಳೆದಿದ್ದ ಪೈಪಿನಲ್ಲೇ ಹೊಸದಕ್ಕೂ 5 ಮೀಟರ್ ಎಳೆಯುವುದು ಬಹುಪಾಲು ‘ಕಟ್ಟಾಗ್ತದ’ ದೂರುಗಳ ಮೂಲ. ಮಾಹಿತಿ ಕೆಟ್ಟು ಬಂದರೆ ಯುಎಸ್‌ಬಿ ಅದನ್ನು ಮತ್ತೆ ಕೇಳುತ್ತದೆ, ಹಾಗಾಗಿ ಚಿತ್ರದಲ್ಲಿ ಗೆರೆ–ಚುಕ್ಕೆ ಕಾಣುವುದಿಲ್ಲ. ಮರುಕಳಿಕೆ ಹೆಚ್ಚಾಗಿ, ಚಿತ್ರವನ್ನು ತುಸು ಹೊತ್ತು ಇಟ್ಟುಕೊಳ್ಳುವ ಕ್ಯಾಮೆರಾದ ಒಳಗಿನ ಬಫರ್ ತುಂಬಿ, ಸದ್ದಿಲ್ಲದೆ ಒಂದು ಫ್ರೇಮ್, ಅಂದರೆ ಒಂದು ಚಿತ್ರ, ಹೋಗುತ್ತದೆ. ಆ ಫ್ರೇಮಿನ ಮಾಲು ತಪಾಸಣೆಯೇ ಇಲ್ಲದೆ ಡಬ್ಬಿ ಸೇರುತ್ತದೆ. ಪ್ರತಿ ಫ್ರೇಮಿಗೂ ಕ್ಯಾಮೆರಾ ಒಂದು ಕ್ರಮಸಂಖ್ಯೆ ಕೊಡುತ್ತದೆ. ಅದರಲ್ಲಿ ನಡುವೆ ಸಂಖ್ಯೆ ಬಿಟ್ಟುಹೋಗಿದೆಯೇ ನೋಡಿದರೆ ರೋಗ ಗೊತ್ತಾಗುತ್ತದೆ.

ವಿದ್ಯುತ್ತಿನ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2.0 ಪೋರ್ಟ್ 500 ಮಿಲಿ ಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900. ಅಂದರೆ ಎರಡೂವರೆ ವ್ಯಾಟ್ ಇದ್ದದ್ದು ನಾಲ್ಕೂವರೆ ಆಯಿತು. ಕೇಬಲ್ಲಿನ ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿ 28ಎಡಬ್ಲ್ಯೂಜಿ, 24ಎಡಬ್ಲ್ಯೂಜಿ ಎಂದು ಅಚ್ಚಾಗಿರುತ್ತದೆ. ಅದು ತಂತಿಯ ಗೇಜು. ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 28 ಗೇಜಿನ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ, 24 ಗೇಜಿಗೆ 0.084. 5 ಮೀಟರ್ ಕೇಬಲ್ಲಿನಲ್ಲಿ ವಿದ್ಯುತ್ ಹೋಗಿ ಬರುವ ದಾರಿ 10 ಮೀಟರ್. ಅರ್ಧ ಆಂಪಿಯರ್ ಎಳೆಯುವ ಕ್ಯಾಮೆರಾಕ್ಕೆ 28 ಗೇಜಿನಲ್ಲಿ ಒಂದು ವೋಲ್ಟಿಗೂ ಹೆಚ್ಚು ಸೋರಿ, ತಲುಪುವುದು 4ಕ್ಕಿಂತ ಕಡಿಮೆ. 24 ಗೇಜಿನಲ್ಲಿ 4.6 ತಲುಪುತ್ತದೆ. 3 ವ್ಯಾಟಿನ 3.0 ಕ್ಯಾಮೆರಾಕ್ಕೆ 3 ಮೀಟರ್ 28 ಗೇಜ್ ಹಾಕಿದರೆ 4.2 ವೋಲ್ಟ್, 24 ಹಾಕಿದರೆ 4.7. ತೆಳು ತಂತಿಯಲ್ಲಿ ಕ್ಯಾಮೆರಾ ಹತ್ತಿಕೊಳ್ಳಬಹುದು. ಪೂರ್ತಿ ವೇಗಕ್ಕೆ ಬಿಟ್ಟ ಕೂಡಲೇ ಆರುತ್ತದೆ. ಅಂಗಡಿಯಲ್ಲಿ ಎರಡೂ ಕೇಬಲ್ ನೋಡಲು ಒಂದೇ ತರಹ, ಹೊದಿಕೆ ಓದಿಯೇ ಕೊಳ್ಳಬೇಕು. ಅದರ ಮೇಲೆ ಏನೂ ಅಚ್ಚಾಗಿರದಿದ್ದರೆ ವಾಪಸ್ ಕೊಡಿ.

3.0ದ ಒಂದು ನಿಜವಾದ ಸುಧಾರಣೆ ಸ್ಕ್ರೂ. 2013ರ ಜನವರಿಯಲ್ಲಿ ಹೊರಬಂದ ಯುಎಸ್‌ಬಿ3 ವಿಷನ್ ಎಂಬ ಮಾನದಂಡ ಕ್ಯಾಮೆರಾ ಕಡೆಯ ಪ್ಲಗ್ಗಿಗೆ ಎರಡು ಬದಿಯಲ್ಲಿ ಸ್ಕ್ರೂ ಹೇಗಿರಬೇಕೆಂದು ಗೊತ್ತುಪಡಿಸಿತು. ಕಂಪನದಿಂದ ಕಳಚುವ ಹಳೆಯ ಮಿನಿ ಬಿ ಪ್ಲಗ್ಗಿನ ಕಾಟ ಇದರಿಂದ ತಪ್ಪಿತು. ಸ್ಕ್ರೂ ಬೆರಳಿನಲ್ಲಿ ಬಿಗಿ ಮಾಡಿದರೆ ಸಾಕು. ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ಕ್ಯಾಮೆರಾದಲ್ಲಿ ಸ್ಕ್ರೂ ಕೂರುವ ಆಟೆ ಹೋಗುತ್ತದೆ. ಕಂಪ್ಯೂಟರ್ ಕಡೆಯ ಎ ಪ್ಲಗ್ಗಿಗೆ ಮಾತ್ರ ಇಂದಿಗೂ ಸಾಮಾನ್ಯವಾಗಿ ಬೀಗವಿಲ್ಲ. ಪ್ಲಗ್ಗಿನಿಂದ ಗೇಣುದ್ದದೊಳಗೆ ಕೇಬಲ್ಲಿಗೆ ಒಂದು ಕ್ಲಿಪ್ ಹೊಡೆದು, ಸ್ವಲ್ಪ ಸಡಿಲ ಬಿಡುವುದು ಅಗತ್ಯ.

ಪೋರ್ಟ್ ಆಯ್ಕೆಯಲ್ಲೂ ಎಡವುತ್ತಾರೆ. ಕಂಪ್ಯೂಟರಿನ ಮುಂಭಾಗದ ಪೋರ್ಟುಗಳಿಗೆ ಡಬ್ಬಿಯೊಳಗೆ ಇನ್ನೊಂದು ತೆಳು ಕೇಬಲ್ ಇರುತ್ತದೆ, ಅಲ್ಲೇ ಸಿಗ್ನಲ್ ಕುಗ್ಗುತ್ತದೆ. ಕ್ಯಾಮೆರಾವನ್ನು ಹಿಂಭಾಗದಲ್ಲಿ ಮದರ್‌ಬೋರ್ಡಿಗೆ ನೇರ ಕೂಡಿದ ಪೋರ್ಟಿಗೇ ಹಾಕಬೇಕು. ನೀಲಿ ಬಣ್ಣ ನೋಡಿ 3.0 ಎನ್ನುವುದು ರೂಢಿಯಷ್ಟೇ, ಕಡ್ಡಾಯವಲ್ಲ. ಟೈಪ್ ಸಿ ಎಂಬುದು ಪ್ಲಗ್ಗಿನ ಆಕಾರದ ಹೆಸರು, ಒಳಗೆ 2.0 ಮಾತ್ರ ಇರುವ ಟೈಪ್ ಸಿ ಪೋರ್ಟುಗಳೂ ಇವೆ. 3.0, 3.1 ಜೆನ್ 1, 3.2 ಜೆನ್ 1 ಮೂರೂ ಒಂದೇ 5 ಗಿಗಾಬಿಟ್. ಹೆಸರು ಬದಲಿಸಿ ಬದಲಿಸಿ ಜನರನ್ನು ಗೊಂದಲಕ್ಕೆ ಕೆಡವಿದ ಇಂಥ ಇನ್ನೊಂದು ಮಾನದಂಡ ಹುಡುಕುವುದು ಕಷ್ಟ! ಕೊಟೇಶನ್ನಿನಲ್ಲಿ ‘3.2’ ಎಂದು ಕಂಡರೆ ಎಷ್ಟು ಗಿಗಾಬಿಟ್ ಎಂದು ಕೇಳಿ ಬರೆಸಿಕೊಳ್ಳಿ.

ಒಂದೇ ಕಂಪ್ಯೂಟರಿಗೆ ಹಲವು ಕ್ಯಾಮೆರಾ ಹಾಕುವಾಗ ಪೋರ್ಟ್ ಎಷ್ಟಿವೆ ಎಂದು ಎಣಿಸಿ ಪ್ರಯೋಜನವಿಲ್ಲ, ಅವುಗಳನ್ನು ನಡೆಸುವ ಕಂಟ್ರೋಲರ್ ಚಿಪ್ ಎಷ್ಟು ಎಂದು ನೋಡಬೇಕು. ಕಂಪ್ಯೂಟರಿನೊಳಗೆ ಹಾಕುವ ನಾಲ್ಕು ಪೋರ್ಟಿನ ಅಗ್ಗದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ನಾಲ್ಕೂ ಒಂದೇ ಕಂಟ್ರೋಲರಿಗೆ, ಮಾಹಿತಿ ಸಾಗುವ ಒಂದೇ ದಾರಿಗೆ (ಲೇನ್) ಜೋತುಬಿದ್ದಿರುತ್ತವೆ. ಅದನ್ನು ಹಳೆಯ ಮೊದಲ ತಲೆಮಾರಿನ ಸ್ಲಾಟಿಗೆ ಹಾಕಿದರೆ ಒಟ್ಟು ಮಿತಿಯೇ 250 ಮೆಗಾಬೈಟ್. ಐದು ಮೆಗಾಪಿಕ್ಸೆಲ್ಲಿನ ಒಂದು ಕ್ಯಾಮೆರಾ ಸೆಕೆಂಡಿಗೆ 35 ಚಿತ್ರ ಕೊಟ್ಟರೆ 175 ಮೆಗಾಬೈಟ್. ಎರಡನೆಯದಕ್ಕೆ ಜಾಗವೇ ಇಲ್ಲ. ಮೂರು ಹಳೆಯ 2.0 ಕ್ಯಾಮೆರಾಗಳನ್ನು ಒಂದು ಪೋರ್ಟನ್ನು ಹಲವಾಗಿಸುವ ಹೊಸ 3.0 ಹಬ್ಬಿಗೆ ಸಿಕ್ಕಿಸಿದರೆ ವೇಗ ಬಂದೀತು ಎಂಬುದೂ ಭ್ರಮೆ. 3.0 ಹಬ್ಬಿನೊಳಗೆ 2.0ದ್ದೇ ಬೇರೆ ಹಬ್ ಇರುತ್ತದೆ, ಮೂರೂ ಅದೇ 480ನ್ನು ಹಂಚಿಕೊಳ್ಳುತ್ತವೆ.

ಸಾಫ್ಟ್‌ವೇರ್ ಕಡೆ ಎರಡೇ ಮಾತು. ವಿಂಡೋಸ್‌ನಲ್ಲಿ ಸುಮ್ಮನಿರುವ ಸಾಧನವನ್ನು ಮಲಗಿಸುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಬಂದ್ ಮಾಡಿ. ಲಿನಕ್ಸ್‌ನಲ್ಲಿ ಯುಎಸ್‌ಬಿಗೆ ಮೀಸಲಾದ ಮೆಮೊರಿ ಮೊದಲಿಗೆ 16 ಮೆಗಾಬೈಟ್ ಇರುತ್ತದೆ, ಐದು ಮೆಗಾಪಿಕ್ಸೆಲ್ಲಿನ ಮೂರು ಚಿತ್ರಕ್ಕೇ ಅದು ತುಂಬುತ್ತದೆ, 1000ಕ್ಕೆ ಏರಿಸಿ.

ನಮ್ಮ ಕಡೆಯ ಶೆಡ್ಡುಗಳಿಗೆ ವಿಶೇಷವಾಗಿ ಅನ್ವಯಿಸುವುದು ಶಾಖ, ಧೂಳು ಮತ್ತು ಮೋಟರ್ ಡ್ರೈವ್‌ಗಳ ವಿದ್ಯುತ್ ಗದ್ದಲ. 3.0 ಕ್ಯಾಮೆರಾ ಹಳೆಯದಕ್ಕಿಂತ ಹೆಚ್ಚು ವಿದ್ಯುತ್ ಕುಡಿಯುವುದರಿಂದ ಹೆಚ್ಚು ಬಿಸಿಯಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಅದೂ ಮುಚ್ಚಿದ ಪೆಟ್ಟಿಗೆಯೊಳಗೆ ಕೂಡಿಸಿದರೆ ಚಿತ್ರದಲ್ಲಿ ಬಿಳಿ ಚುಕ್ಕೆ ಹೆಚ್ಚುತ್ತವೆ. ಕ್ಯಾಮೆರಾವನ್ನು ಲೋಹಕ್ಕೆ ಅಂಟಿಸಿದರೆ ಶಾಖ ಇಳಿಯುತ್ತದೆ. ಆದರೆ ಯಂತ್ರದ ಚೌಕಟ್ಟಿಗೇ ಬಿಗಿದರೆ ಮೋಟರು ಮತ್ತು ಅದರ ವೇಗ ಬದಲಿಸುವ ವಿಎಫ್‌ಡಿಗಳ ಅರ್ಥಿಂಗ್ ಗದ್ದಲ ಕ್ಯಾಮೆರಾದ ಮೈಯಿಂದ ಕೇಬಲ್ಲಿನ ಕವಚದ ಮೂಲಕ ಕಂಪ್ಯೂಟರಿಗೆ ಹರಿಯುತ್ತದೆ. ಮೋಟರ್ ಚಾಲೂ ಆದಾಗಲೇ ಕ್ಯಾಮೆರಾ ಮಾಯವಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಎರಡಕ್ಕೂ ಒಂದೇ ಉಪಾಯ: ಕ್ಯಾಮೆರಾವನ್ನು ಅಗಲವಾದ ಅಲ್ಯೂಮಿನಿಯಂ ತಟ್ಟೆಗೆ ಬಿಗಿದು, ಆ ತಟ್ಟೆಯನ್ನು ನೈಲಾನ್ ಬುಶ್ ಹಾಕಿ ಚೌಕಟ್ಟಿಗೆ ಕೂಡಿಸುವುದು. ಬೋಲ್ಟೂ ಚೌಕಟ್ಟಿಗೆ ತಾಗಬಾರದು, ಮಲ್ಟಿಮೀಟರ್ ಹಿಡಿದು ನೋಡಿ. ಕೇಬಲ್ಲನ್ನು ಮೋಟರ್ ತಂತಿಯ ಜೊತೆ ಒಂದೇ ಟ್ರೇನಲ್ಲಿ ಎಳೆಯಬೇಡಿ. ಒಂದಡಿಯಾದರೂ ದೂರವಿರಲಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

3.0 ತಾನೂ ಗದ್ದಲ ಮಾಡುತ್ತದೆ. ಅದರ ಸಿಗ್ನಲ್ 2.4 ಗಿಗಾಹರ್ಟ್ಸ್ ಪಟ್ಟಿಗೆ ಸೋರುತ್ತದೆಂದು ಇಂಟೆಲ್ 2012ರಲ್ಲೇ ಬರೆದಿತ್ತು. ಕ್ಯಾಮೆರಾ ಪೋರ್ಟಿನ ಪಕ್ಕದಲ್ಲೇ ವೈರ್‌ಲೆಸ್ ಮೌಸಿನ ರಿಸೀವರ್ ಇಟ್ಟರೆ ಮೌಸ್ ತಡವರಿಸುತ್ತದೆ. ತಂತಿಯ ಮೌಸ್ ಹಾಕಿಬಿಡಿ.

ಬ್ಯಾಡಗಿ ಕಡೆ ಮೆಣಸಿನಕಾಯಿ ಘಟಕದಲ್ಲಿ ಪೊಟ್ಟಣ ನೋಡುವ ಕ್ಯಾಮೆರಾ ಇಡುವವರಿಗೆ ಧೂಳಿನ ಮಾತು ಬೇರೆ ಹೇಳಬೇಕಿಲ್ಲ. ಬಳಸದ ಪೋರ್ಟುಗಳಿಗೆ ರಬ್ಬರ್ ಬೂಚು ಹಾಕಿ. ಪ್ಲಗ್ಗಿನೊಳಗೆ ಬಾಯಿಂದ ಊದಬೇಡಿ, ಉಸಿರಿನ ತೇವ ಪುಡಿಯನ್ನು ಅಂಟಿಸುತ್ತದೆ. ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಬರುತ್ತವೆ, ಅದೂ ಬೇಡ. ವಿದ್ಯುತ್ ಬಂದ್ ಮಾಡಿ, ಒಣ ಮೃದು ಬ್ರಶ್ಶಿನಿಂದ ಉದುರಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಪೂರ್ತಿ ಆರಿದ ಮೇಲೆ ಸಿಕ್ಕಿಸಿ.

ಕಂಪ್ಯೂಟರ್ ಯಂತ್ರದ ಹತ್ತಿರ ಇಡಲಾಗದೆ ಆಚೆಯ ಕ್ಯಾಬಿನ್ನಿನಲ್ಲಿದ್ದರೆ ಯುಎಸ್‌ಬಿಯ ಹಟ ಬಿಟ್ಟು ನೆಟ್‌ವರ್ಕ್ ಕೇಬಲ್ಲಿನಲ್ಲಿ ಚಿತ್ರ ಕಳಿಸುವ ಗಿಗ್‌ಇ ಕ್ಯಾಮೆರಾ ನೋಡಿ. ಸೆಕೆಂಡಿಗೆ 115 ಮೆಗಾಬೈಟಿನಷ್ಟೇ ಕೊಟ್ಟರೂ ನೆಟ್‌ವರ್ಕ್ ಕೇಬಲ್ 100 ಮೀಟರ್ ಹೋಗುತ್ತದೆ.

ಹಾಗಾದರೆ ಹಳೆಯದನ್ನು ಯಾವಾಗ ಬದಲಿಸಬೇಕು? ವೇಗಕ್ಕಿಂತ ದೊಡ್ಡ ಕಾರಣ ಡ್ರೈವರ್, ಅಂದರೆ ಕ್ಯಾಮೆರಾ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್. ಹಳೆಯ 2.0 ಕ್ಯಾಮೆರಾಗಳಿಗೆ ತಯಾರಕರು ತಮ್ಮತಮ್ಮದೇ ಸಾಫ್ಟ್‌ವೇರ್ ಕೊಟ್ಟಿದ್ದರು. ಎಕ್ಸ್‌ಪಿ, ವಿಂಡೋಸ್ 7 ಕಾಲದ 32 ಬಿಟ್ ಡ್ರೈವರ್ ಇಂದಿನ 64 ಬಿಟ್ ಕಂಪ್ಯೂಟರಿನಲ್ಲಿ ಕೂರುವುದಿಲ್ಲ. ಆ ಹಳೆಯ ಕಂಪ್ಯೂಟರ್ ಸತ್ತ ದಿನ ಕ್ಯಾಮೆರಾವೂ ಸತ್ತಂತೆ. ಯುಎಸ್‌ಬಿ3 ವಿಷನ್ ಕ್ಯಾಮೆರಾಗಳು ಜೆನ್‌ಐಕ್ಯಾಮ್ ಎಂಬ ಸಮಾನ ಭಾಷೆಯಲ್ಲಿ ಮಾತಾಡುವುದರಿಂದ ಒಂದು ಕಂಪನಿಯ ಬದಲು ಇನ್ನೊಂದರ ಕ್ಯಾಮೆರಾ ಹಾಕಿದರೂ ತಪಾಸಣೆಯ ಸಾಫ್ಟ್‌ವೇರ್ ಪೂರ್ತಿ ಹೊಸದಾಗಿ ಬರೆಸಬೇಕಿಲ್ಲ. ಆದ್ದರಿಂದ ಹೊಸದಾಗಿ ಕೊಳ್ಳುವವರು 3.0ವನ್ನೇ ಕೊಳ್ಳಲಿ, ಅದೂ ಯುಎಸ್‌ಬಿ3 ವಿಷನ್ ಎಂದು ಬರೆದದ್ದನ್ನು. ನಡೆಯುತ್ತಿರುವ 2.0 ಲೈನಿನವರು ಮಾತ್ರ, ಕ್ಯಾಮೆರಾ ಕೀಳುವ ಬದಲು ಅದರ ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಪೂರ್ತಿ ನಕಲು ಇಂದೇ ತೆಗೆದಿಡಲಿ.

ಬದಲಿಸುವ ದಿನ ಒಂದು ಎಚ್ಚರ. ಫೋಟೊ ಯಾವಾಗ ತೆಗೆಯಬೇಕೆಂದು ಹೇಳುವ ಹಳೆಯ ಕ್ಯಾಮೆರಾದ ಟ್ರಿಗರ್ ಕೇಬಲ್ ಹೊಸದರ ಸಾಕೆಟ್ಟಿಗೆ ಕೂತಿತೆಂದು ಹಾಗೇ ಸಿಕ್ಕಿಸಬೇಡಿ. ಸಾಕೆಟ್ ಒಂದೇ ಆದರೂ ಪಿನ್ನುಗಳ ಕ್ರಮ ಬೇರೆ ಇರಬಹುದು. ಪಿಎಲ್‌ಸಿಯ 24 ವೋಲ್ಟ್, ಪ್ರತ್ಯೇಕಿಸಿದ ಇನ್‌ಪುಟ್ಟಿನ ಬದಲು 3.3 ವೋಲ್ಟಿನ ನೇರ ಪಿನ್ನಿಗೆ ಹೋದರೆ ಕ್ಯಾಮೆರಾ ಸುಡುತ್ತದೆ, ವಾರಂಟಿಯೂ ಸಿಗದು. ಎಲ್ಲ ಕೂಡಿಸಿದ ಮೇಲೆ ಪಕ್ಕದ ಮೋಟರು, ಕಂಪ್ರೆಸರ್, ವೆಲ್ಡಿಂಗ್ ಎಲ್ಲ ಚಾಲೂ ಇಟ್ಟು, ಪೂರ್ತಿ ವೇಗದಲ್ಲಿ ಒಂದು ತಾಸು ಓಡಿಸಿ, ಫ್ರೇಮಿನ ಕ್ರಮಸಂಖ್ಯೆ ತಪ್ಪಿಲ್ಲವೆಂದು ತೋರಿಸಿದ ನಂತರವೇ ಬಿಲ್ಲಿಗೆ ಸಹಿ ಹಾಕಿ.

ಮಾರುವವರಲ್ಲೂ ಒಂದು ವಿನಂತಿ. ಕೊಟೇಶನ್ನಿನಲ್ಲಿ ‘ಕ್ಯಾಮೆರಾ ವಿತ್ ಕೇಬಲ್’ ಎಂದು ಒಂದೇ ಸಾಲು ಬರೆಯುವುದನ್ನು ಬಿಟ್ಟು, ಕೇಬಲ್ಲಿಗೆ ಬೇರೆ ಸಾಲು ಕೊಡಿ: ಉದ್ದ, ವಿದ್ಯುತ್ ತಂತಿಯ ಗೇಜ್, ಸ್ಕ್ರೂ ಇದೆಯೇ, ಯಂತ್ರದ ಜೊತೆ ಚಲಿಸುವ ಕೇಬಲ್ ಸರಪಳಿಯಲ್ಲಿ ಸದಾ ಬಾಗುವ ಕೆಲಸಕ್ಕೆ ಆಗುತ್ತದೆಯೇ. ಅದೇ ಸಾಲಿನಲ್ಲಿ ಸಂಖ್ಯೆ 2 ಎಂದು ಬರೆಯಿರಿ, ಒಂದು ಬಳಕೆಗೆ, ಇನ್ನೊಂದು ಪ್ಯಾನಲ್ಲಿನೊಳಗೆ ತೂಗುಹಾಕಿಡಲು.

ಇತಿ,
ಯಂತ್ರ ತಪಾಸಣೆ ಕ್ಯಾಮೆರಾಗಳ ಜೋಡಣೆ–ನಿರ್ವಹಣೆಯ ಕೆಲಸದವರು,
ತಾರಿಹಾಳ, ಹುಬ್ಬಳ್ಳಿ